ಇದ್ದೀನಿ, ಹೋಗು

ಫೆ. 9, ಗುರುವಾರ
ಐಸ್ ಹಾಕಿ ಪ್ರಾಕ್ಟೀಸ್ ಮುಗಿಸಿ ಬಂದೆ. ಸ್ಕೇಟು ಒಣಗಲು ಇಟ್ಟಿದ್ದೇನೆ. ಗುರುವಾರದ ಬಟಾಣಿ ಸೂಪು, ತಣ್ಣಗಾಗಿದೆ.

ಮತ್ತೆ ಅದೇ ಪಾಠ. ಡಿಫೆನ್ಸಿನಲ್ಲಿ ನಾವಿಬ್ಬರು — ನಾನು, ಹೆನ್ರೀಕಾ. ಪಕ್ ಬಿಲ್ಲೆ ಸಿಕ್ಕಿ ನಮ್ಮವರು ಮುನ್ನುಗ್ಗಿದಾಗ ಒಬ್ಬಳು ಜೊತೆಗೆ ಓಡಬಹುದು, ಇನ್ನೊಬ್ಬಳು ಹಿಂದೆ ಉಳಿಯಲೇಬೇಕು. ಉಳಿಯುವವಳು "ಇದ್ದೀನಿ!" ಎಂದು ಕೂಗಬೇಕು. ಆಮೇಲೆಯೇ ಓಟ.

ಇಷ್ಟು ವರ್ಷ ಕೂಗಿದವಳು ನಾನು. ಗೋಲು ಹೊಡೆದವಳು ಅವಳು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವಿನ ಸಂಸಾರ.

ಫಿನ್ಲೆಂಡ್ ಹಾಕಿ ತಂಡದ ಕ್ಯಾಂಪಿಗೆ ನಮ್ಮಿಬ್ಬರಲ್ಲಿ ಒಬ್ಬಳಿಗೆ ಮಾತ್ರ ಕರೆಯಂತೆ. ಕೋಚ್ ವೇಯೊ ಹೇಳಿದರು: "ತುಯಿರೆ, ಶನಿವಾರ ಸೆಲೆಕ್ಟರ್ ಬರ್ತಾರೆ. ಈ ಸಲ ನೀನೂ ಮುಂದೆ ಹೋಗು. ಹಿಂದೇನೇ ನಿಂತಿದ್ರೆ ಯಾರ ಕಣ್ಣಿಗೂ ಬೀಳಲ್ಲ."

ಮೂವತ್ತೊಂದಾಯಿತು ನನಗೆ. ಇನ್ನೊಂದು ಸಲ ಇಲ್ಲ.

ಫೆ. 11, ಶನಿವಾರ
ಹೋದೆ. ಬಲಗಡೆ ಖಾಲಿ. "ಹೋಗೇ, ಇದ್ದೀನಿ!" — ಹೆನ್ರೀಕಾಳ ದನಿ, ಕಿವಿಯಾರೆ ಕೇಳಿದೆ. ಪಾಸ್ ಬಂತು. ಹೊಡೆದೆ. ಪಕ್ ಗೋಲಿನ ಕಂಬಕ್ಕೆ ಬಡಿದು ವಾಪಸ್ ಚಿಮ್ಮಿತು. ತಿರುಗಿದರೆ ಹಿಂದೆ ಯಾರೂ ಇಲ್ಲ. ಅವಳು ನನ್ನ ಪಕ್ಕದಲ್ಲೇ ನಿಂತು ಪಾಸ್ ಕೇಳುತ್ತಿದ್ದಾಳೆ! ಎದುರಾಳಿಗಳಿಬ್ಬರು, ನಮ್ಮ ಗೋಲ್‌ಕೀಪರ್ ಒಬ್ಬಳೇ. ಸೋತೆವು.

ವೇಯೊ ಎಲ್ಲರೆದುರು ಉಗಿದರು. "ಹಿಂದೆ ಯಾರಿದಾರೆ ಅಂತ ನೋಡ್ದೆ ಓಡ್ತೀಯಲ್ಲ, ಇಷ್ಟು ವರ್ಷ ಏನ್ ಕಲಿತೆ?" ಹೋಗು ಎಂದವರೂ ಅವರೇ.

ಸೌನಾದ ಹಬೆಕೋಣೆಯಲ್ಲಿ ಹೆನ್ರೀಕಾ ಕಾದ ಕಲ್ಲಿಗೆ ನೀರು ಸುರಿಯುತ್ತ, "ಸಾರಿ ಕಣೇ, ಕಾಲು ನಿಲ್ಲಲಿಲ್ಲ," ಎಂದಳು.

"ವೇಯೊಗೆ ಹೇಳು ಹೋಗಿ."

"ಆಗಿದ್ದು ಆಯ್ತಲ್ಲ, ಬಿಡೇ. ಅದನ್ನೇ ಹಿಡ್ಕೊಂಡು ಕೂತ್ಕೋಬೇಡ."

ಎದ್ದು ಬಂದೆ.

ಮಾ. 3
ಕರೆ ಅವಳಿಗೇ ಬಂತು. ಎಲ್ಲರಿಗೂ ಕೇಕ್ ತಂದಿದ್ದಳು. ನಾನೂ ತಿಂದೆ. ಥೂ.

ನಾಳೆ ಸೀಸನ್ನಿನ ಕೊನೆ ಪಂದ್ಯ. ಅವಳು ಓಡಲಿ. "ಇದ್ದೀನಿ" ಅನ್ನುತ್ತೇನೆ. ಇರುವುದಿಲ್ಲ.

ಮಾ. 4, ಶನಿವಾರ
ಎರಡು-ಎರಡು. ಇನ್ನೇನು ಮುಗಿಯಬೇಕು. ಅವಳು ಓಡಿದಳು. "ಇದ್ದೀನಿ!" ಎಂದೆ. ಅವಳು ತಿರುಗಿ ಕೂಡ ನೋಡಲಿಲ್ಲ. ಬಿಟ್ಟು ಹೋಗು ತುಯಿರೆ, ಈಗಲೇ, ಹೋಗು... ಹಾಳಾದ್ದು, ಕಾಲು ಏಳಲಿಲ್ಲ. ಅವಳು ಪಕ್ ಕಳೆದುಕೊಂಡಳು. ಎದುರಾಳಿ ಒಬ್ಬಳು ನುಗ್ಗಿ ಬಂದಳು. ಅಡ್ಡ ಬಿದ್ದೆ, ಕಿತ್ತುಕೊಂಡೆ, ಹೆನ್ರೀಕಾಗೇ ಕೊಟ್ಟೆ. ಗೋಲು. ಗೆದ್ದೆವು.

ಕುತ್ತಿಗೆಗೆ ಜೋತುಬಿದ್ದು, "ನೀನಿರ್ತೀಯ ಅಂತ ಗೊತ್ತಿತ್ತು ಕಣೇ," ಎಂದಳು.

ಅವಳಿಗೆ ಗೊತ್ತಿತ್ತು. ವೇಯೊಗೂ ಗೊತ್ತಿತ್ತು. ನನಗೊಬ್ಬಳಿಗೆ ಮಾತ್ರ —