ಹೆಸರಿನ ಪಕ್ಕದ ಶಿಲುಬೆ

ನವೆಂಬರ್ 3, ಸೋಮವಾರ

ಹತ್ತಕ್ಕೆ ಡಿಟಿಪಿ ಅಂಗಡಿ ಶಟರ್ ಎತ್ತಿದೆ. ಕರೆಂಟ್ ಇಲ್ಲ. ಹನ್ನೊಂದರವರೆಗೆ ನೊಣ ಹೊಡೆದೆ. ಆಮೇಲೆ ಎರಡು ಮದುವೆ ಕಾರ್ಡು, ಒಂದು ವೈಕುಂಠ ಸಮಾರಾಧನೆ ಕಾರ್ಡು. ಉಳಿದದ್ದೆಲ್ಲ ಜೆರಾಕ್ಸ್.

ಮಧ್ಯಾಹ್ನ ಯುವರಾಜ್ ಬಂದ. ಪೆನುಕೊಂಡದ ಹತ್ತಿರ ಕಾರು ಫ್ಯಾಕ್ಟರಿಯಲ್ಲಿ ಕೆಲಸ. ಭಾನುವಾರ ಬೆಂಗಳೂರಿಗೆ, ಮಾರ್ಮನ್ ಅನ್ನುವ ಕ್ರೈಸ್ತ ಪಂಗಡದ ಚರ್ಚಿಗೆ ಹೋಗುತ್ತಾನೆ. ನಲವತ್ತು ಪುಟದ ಇಂಗ್ಲಿಷ್ ಪುಸ್ತಕ ಕೊಟ್ಟ. ಡೆನ್ಮಾರ್ಕ್ ದೇಶದಲ್ಲಿ ಅವರ ಮತ ಬೇರು ಬಿಟ್ಟ ಚರಿತ್ರೆ. ಕನ್ನಡಕ್ಕೆ ತಂದು ಟೈಪ್ ಮಾಡಬೇಕು.

"ಡೆನ್ಮಾರ್ಕಿಗೂ ಹಿಂದೂಪುರಕ್ಕೂ ಏನಪ್ಪ ಸಂಬಂಧ?"

"ಓದಕ್ಕಾ, ನಿಮ್ಗೇ ಗೊತ್ತಾಯ್ತದೆ."

ಜೊತೆಗೊಂದು ಫಾರಂ. ನಾಲ್ಕು ತಲೆಮಾರಿನವರ ಹೆಸರು, ಹುಟ್ಟಿದ್ದು, ಸತ್ತದ್ದು. ಅವರಲ್ಲಿ ಎಲ್ಲರೂ ಬರೆದಿಡುತ್ತಾರಂತೆ. "ಚರ್ಚಿಗೆ ಬ್ಯಾಡ ಅಕ್ಕ, ನಿಮ್ ಮನೇಗೇ ಇಟ್ಕಳಿ" ಅಂದ. ಇಟ್ಟುಕೊಂಡೆ.

ನವೆಂಬರ್ 6, ಗುರುವಾರ

ಎಂಟು ಪುಟ ಆಯಿತು. 1849ರಲ್ಲಿ ಆ ದೇಶದಲ್ಲಿ ಕಾನೂನು ಬಂತು — ಯಾರು ಯಾವ ದೇವರನ್ನಾದರೂ ಪೂಜಿಸಬಹುದು. ಮರುವರ್ಷವೇ ಮಾರ್ಮನ್ ಪ್ರಚಾರಕರು ಬಂದಿಳಿದರು. ಆಗಸ್ಟ್‌ನಲ್ಲಿ ಹದಿನೈದು ಜನ ಕೋಪನ್‌ಹೇಗನ್ ಬಳಿ ಸಮುದ್ರದಲ್ಲಿ ಮುಳುಗಿ ಎದ್ದರು. ಹೊಸ ಜನ್ಮ ಅಂತ ಲೆಕ್ಕ. ಆದರೆ ಕಾನೂನು ಕಾಗದದ ಮೇಲೆ. ಊರಿನವರು ಕಲ್ಲು ಹೊಡೆದರು, ಕಿಟಕಿ ಒಡೆದರು. ಸಾವಿರಾರು ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು.

ಪ್ರೂಫ್ ಎಂದಿನಂತೆ ಅಪ್ಪನದೇ. ಐವತ್ತು ವರ್ಷ ರೇಷ್ಮೆ ಮಗ್ಗದಲ್ಲಿ ಕೂತವರು. ತಪ್ಪಿದ ಎಳೆ ಹಿಡಿಯುವ ಕಣ್ಣು ಅಕ್ಷರಕ್ಕೂ ಬಂದಿದೆ. ಒಂದು ಪುಟಕ್ಕೆ ಹತ್ತು ಕೆಂಪು ಗುರುತು. ಡಿಸೆಂಬರ್ ಎರಡಕ್ಕೆ ಅವರಿಗೆ ಬೆಂಗಳೂರಿನಲ್ಲಿ ಹಾರ್ಟ್ ಆಪರೇಷನ್. ಅದರ ಮಾತು ಎತ್ತಿದರೆ ಸಿಡಿಯುತ್ತಾರೆ.

ನವೆಂಬರ್ 9, ಭಾನುವಾರ

ಅಪ್ಪನನ್ನು ಕೂರಿಸಿಕೊಂಡು ಫಾರಂ ತುಂಬಿದೆ. ಮುತ್ತಜ್ಜನವರೆಗೂ ಹೆಸರು ನೀರು ಕುಡಿದಷ್ಟು ಸಲೀಸು. ತಮ್ಮ ತಂಗಿಯ ಕಾಲಂಗೆ ಬಂದಾಗ ತಡವರಿಸಿದರು.

"ಶಿವಲಕ್ಷ್ಮಿ. ಸತ್ತೋದ್ಲು."

"ಯಾವಾಗ?"

"ಎಂಬತ್ತೇಳು. ಶ್ರಾವಣ."

ನಾನು ಹುಟ್ಟುವ ಮುಂಚೆ ತೀರಿಕೊಂಡ ಅತ್ತೆ. ಚಿಕ್ಕಂದಿನಿಂದ ಕೇಳಿದ್ದು ಅಷ್ಟೇ. ಡೆನ್ಮಾರ್ಕಿನ ಹಳೆಯ ದಾಖಲೆಗಳಲ್ಲಿ ಸತ್ತವರಿಗೆ ಹಾಕುತ್ತಿದ್ದ ಹಾಗೆ ಹೆಸರಿನ ಪಕ್ಕ ಒಂದು ಸಣ್ಣ ಶಿಲುಬೆ ಬರೆದೆ. ಚೆನ್ನಾಗಿ ಕಂಡಿತು.

ನವೆಂಬರ್ 10, ಸೋಮವಾರ

ಯುವರಾಜ್ ಫಾರಂ ನೋಡಿದ. "ಇವ್ರು ಎಲ್ಲಿ ಸತ್ರಕ್ಕಾ? ಊರಿನ ಕಾಲಂ ಖಾಲಿ ಬಿಟ್ಟಿದೀರಿ." ಗೊತ್ತಿಲ್ಲ ಅಂದೆ. "ಗೊತ್ತಿಲ್ದೆ ಸತ್ರು ಅಂತ ಬರೀಬಾರ್ದು ಅಕ್ಕ. ನಮ್ಮಲ್ಲಿ ಅದು ದೊಡ್ಡ ತಪ್ಪು."

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವರೆಕಾಳು ಹಿಚುಕುತ್ತಿದ್ದವರ ಕೈ ನಿಂತಿತು.

"ಸತ್ತಿಲ್ಲ ಕಣಮ್ಮ. ಕಲ್ಯಾಣದುರ್ಗದಾಗವ್ಳೆ. ಕಂಬ್ಳಿ ನೇಯೋರ ಗೋವಿಂದಪ್ಪನ ಜತೆ ಹೊಂಟೋದ್ಲು. ಕುಲದೋರೆಲ್ಲ ಸೇರಿ ತಲೆಗೆ ನೀರು ಹುಯ್ಕೊಂಡ್ವಿ. ಅವತ್ತಿಂದ ಸತ್ತಂಗೇ."

ರೇಷ್ಮೆಯವರ ಮಗಳು ಉಣ್ಣೆಯವರ ಮನೆಗೆ ಹೋದಳು. ಅದಕ್ಕೆ ಸಾವು! ಹುಟ್ಟಿದಾಗಿನಿಂದ ನನಗೆ ಸುಳ್ಳು ಹೇಳಿದ್ದಾರೆ. ಊಟ ಮಾಡಲಿಲ್ಲ.

ನವೆಂಬರ್ 13, ಗುರುವಾರ

ಇಪ್ಪತ್ತೆರಡನೆಯ ಪುಟ. ಒಬ್ಬ ನೇಕಾರ, ಅವನ ಮಗಳು ಮಾರೆನ್. ಅವಳು ಮಾರ್ಮನ್ ಆಗಿ ಹಡಗು ಹತ್ತಿದ ದಿನ ಅಪ್ಪ ಮನೆಯ ಬೈಬಲ್‌ನಲ್ಲಿ ಅವಳ ಹೆಸರಿನ ಪಕ್ಕ ಶಿಲುಬೆ ಬರೆದ. ಅವಳು ಆಮೇಲೆ ನಲವತ್ತೊಂದು ವರ್ಷ ಬದುಕಿದ್ದಳು. ವರ್ಷಕ್ಕೊಂದು ಕಾಗದ ಹಾಕಿದಳು. ಒಂದಕ್ಕೂ ಉತ್ತರವಿಲ್ಲ.

ನಮ್ಮ ಫಾರಂ ತೆಗೆದು ಮುಂದಿಟ್ಟುಕೊಂಡೆ. ಅವನು ಬರೆದದ್ದು ಗೊತ್ತಿದ್ದು. ನಾನೂ ಬರೆದೆ, ಗೊತ್ತಿಲ್ಲದೆ.

ನವೆಂಬರ್ 16, ಭಾನುವಾರ, ಕಲ್ಯಾಣದುರ್ಗ

ಚಿಲಮತ್ತೂರಿನಲ್ಲಿ ಫ್ರೆಂಡ್ ಮನೆ ಅಂತ ಹೇಳಿ ಬಂದೆ. ಅನಂತಪುರದಲ್ಲಿ ಬಸ್ ಬದಲಿಸಿದೆ. ಕಂಬಳಿ ಗೋವಿಂದಪ್ಪ ಅಂದರೆ ಬಸ್ ಸ್ಟ್ಯಾಂಡಿನಲ್ಲೇ ತೋರಿಸಿದರು.

ಅಂಗಳದಲ್ಲಿ ಕಂಬಳಿಯ ಉದ್ದೆಳೆಗಳ ಹಾಸು ಎಳೆದು ಕಟ್ಟಿತ್ತು. ಒಬ್ಬ ಹೆಂಗಸು ಅದಕ್ಕೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ತಿರುಗಿದಾಗ ಅಪ್ಪನದೇ ಮೂಗು, ಅಪ್ಪನದೇ ಗಂಟುಮುಖ. ಹೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

"ಆದಿನಾರಾಯಣಣ್ಣನ ಮಗ್ಳಲ್ವಾ ನೀನು?"

ಗಂಜಿ ಕೈಯಲ್ಲೇ ನನ್ನ ಮುಖ ಹಿಡಿದರು. ಗೋವಿಂದಪ್ಪ ಮಾವ "ಲೋಪಲಿಕಿ ರಾ ತಲ್ಲಿ" ಅಂತ ತೆಲುಗಿನಲ್ಲಿ ಒಳಗೆ ಕರೆದು ಚಾಪೆ ಹಾಸಿದರು. ಆಪರೇಷನ್ ವಿಷಯ ಹೇಳಿದೆ. ಅತ್ತೆ ಎದ್ದು ಚಪ್ಪಲಿ ಹುಡುಕತೊಡಗಿದರು. ಒಂದು ಕಾಲಿಗೆ ಹಾಕಿಕೊಂಡು ನಿಂತರು.

"ನಮ್ಮಣ್ಣ ಕರ್ಕೊಂಡ್ ಬಾ ಅಂದವ್ನಾ?"

ಇಲ್ಲ ಅಂದೆ. ಚಪ್ಪಲಿ ಬಿಟ್ಟರು. ಹೊರಡುವಾಗ ಫೋನ್ ನಂಬರ್ ಬರೆದುಕೊಟ್ಟರು.

ನವೆಂಬರ್ 17, ಸೋಮವಾರ

ಅತ್ತೆಯನ್ನು ಕಂಡು ಬಂದೆ ಅಂತ ಅಪ್ಪನಿಗೆ ನೇರ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಎದೆ ಕೊಯ್ಯೋಕ್ ಮುಂಚೆ ಒಂದ್ಸಲ ನೋಡ್ಬೇಕು" ಅಂದರು. ಜೀವ ಬಂದಂತಾಯಿತು.

ಆದರೆ ಸಂಜೆ ಕುಲದ ಹಿರಿಯ ಕೊಂಡಪ್ಪನವರ ಮನೆಗೆ ಕೇಳಲು ಹೋದರು. ಅಲ್ಲಿ ಆದ ತೀರ್ಮಾನ: ನೀರು ಹುಯ್ದುಕೊಂಡ ಮೇಲೆ ಸತ್ತವಳು ಹೊಸ್ತಿಲು ದಾಟುವಂತಿಲ್ಲ. ಮತ್ತೆ ಹುಟ್ಟಬೇಕು. ಹಸುಗೂಸಿನ ಹಾಗೆ ಹೊಸ ಮೊರದಲ್ಲಿ ಕೂರಿಸಿ, ಪುಣ್ಯಾಹದ ನೀರು ಹುಯ್ದು, ಬೇರೆ ಹೆಸರು ಇಡಬೇಕು. ಆಗ ಮಗಳು, ಇಲ್ಲದಿದ್ದರೆ ಹೆಣ.

ಅರವತ್ತು ವರ್ಷದವರು ಮೊರದಲ್ಲಿ ಹೇಗೆ ಹಿಡಿಸುತ್ತಾರೆ ಅಂತ ಕೇಳಿದೆ. ಅಮ್ಮ ಬಾಯಿ ಮುಚ್ಚಿಸಿದರು.

ನವೆಂಬರ್ 18, ಮಂಗಳವಾರ

ಅತ್ತೆಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ; ಅಪ್ಪ ಪಕ್ಕದಲ್ಲೇ.

"ಸತ್ತಿದ್ರೆ ತಾನೆ ಮತ್ತೆ ಹುಟ್ಟಾದು? ನಾನ್ ಸತ್ತೇ ಇಲ್ಲ ಕಣವ್ವ. ಎರಡು ಮಕ್ಳ ಹೆತ್ತೆ. ಸಾವ್ರ ಕಂಬ್ಳಿಗೆ ಗಂಜಿ ಬಳ್ದೆ. ಅದನ್ನೆಲ್ಲ ದೆವ್ವ ಮಾಡ್ತಾ? ಹಂಗೇ ಬಾ ಅಂದ್ರೆ ಈಗ್ಲೇ ಬತ್ತೀನಿ. ಮೊರದಾಗ್ ಕೂರಲ್ಲ."

ಅಪ್ಪ ಎದ್ದು ಹೋದರು.

ನವೆಂಬರ್ 24, ಸೋಮವಾರ

ಐದು ದಿನ ಬರೆಯಲು ಮನಸ್ಸಾಗಲಿಲ್ಲ. ಅಪ್ಪ ಮಾತು ಬಿಟ್ಟಿದ್ದಾರೆ.

ಪುಸ್ತಕ ಮುಗಿಯಿತು. ಕೊನೆಯ ಪುಟಗಳಲ್ಲಿ ಇಂದಿನ ಡೆನ್ಮಾರ್ಕ್. ಮಾರ್ಮನರು ಇರುವುದು ಕೆಲವೇ ಸಾವಿರ, ಕೋಪನ್‌ಹೇಗನ್‌ನಲ್ಲಿ ಒಂದು ಮಂದಿರ. ಹಡಗು ಹತ್ತಿದವರ ಮರಿಮಕ್ಕಳು ಅಮೆರಿಕದಿಂದ ಹೆಸರು ಹುಡುಕಿಕೊಂಡು ಬರುತ್ತಾರೆ. ಮಾರೆನ್‌ಳ ಮರಿಮಗಳೂ ಬಂದಳು. ಬೈಬಲ್ ಸಿಕ್ಕಿತು. ಇಪ್ಪತ್ತನೆಯ ವಯಸ್ಸಿಗೆ ಸತ್ತವಳ ವಂಶ ತಾನು ಎಂದು ಓದಿಕೊಂಡು, ಅಲ್ಲೇ ಕೂತಳಂತೆ.

ಬೆಳಗ್ಗೆ ಪ್ರೂಫ್ ಕೊಟ್ಟಿದ್ದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಅಪ್ಪ ಅದೇ ಪುಟ ಹಿಡಿದು ಕೂತಿದ್ದರು. ಒಂದೂ ಕೆಂಪು ಗುರುತಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಕಲ್ಯಾಣದುರ್ಗಕ್ಕೆ ಮೊದಲ್ನೇ ಬಸ್ಸು ಎಷ್ಟೊತ್ತಿಗಮ್ಮ?"

ಅಮ್ಮ ಗಾಬರಿಯಾದರು. "ಅವ್ಳ ಮನೆ ಹೊಸ್ತಿಲು ತುಳಿದ್ರೆ ಕೊಂಡಪ್ಪನೋರು ನಿಮ್ಮನ್ನೂ ಕುಲದಿಂದ ಆಚೆಗಾಕ್ತಾರೆ ಕಣ್ರೀ!"

"ಹಾಕ್ಲಿ. ನನ್ ಹೆಸ್ರಿಗೂ ತಲೆಗೆ ನೀರು ಹುಯ್ಕೊಳ್ಳಿ."

ನವೆಂಬರ್ 25, ಮಂಗಳವಾರ. ಅತ್ತೆ ಮನೆ ಜಗುಲಿ. ಹನ್ನೊಂದು ಗಂಟೆ

ಮೊದಲನೇ ಬಸ್ಸಿಗೇ ಅಪ್ಪನ ಜೊತೆ ಬಂದಿಳಿದೆ. ಗಲ್ಲಿಯ ತುದಿಯಲ್ಲಿ ಅಪ್ಪ ಎರಡು ಸಲ ಎದೆ ಹಿಡಿದು ನಿಂತರು. ನಾನೇ ಹೆದರಿದೆ.

ಅತ್ತೆ ಬಾಗಿಲಿಗೆ ಬಂದರು. ಇಬ್ಬರೂ ನೋಡುತ್ತ ನಿಂತರು. ಕ್ಷಮೆ ಗಿಮೆ ಕೇಳುವ ಪೈಕಿಯಲ್ಲ ಅಪ್ಪ. ಕೊನೆಗೆ ಅಂದರು, "ಬಿಸ್ಲು. ಕುಡಿಯಾಕ್ ನೀರು ಕೊಡಮ್ಮ ಲಕ್ಷ್ಮೀ."

"ನಮ್ಮನೆ ನೀರಾ?"

"ಹ್ಞೂ."

ಅತ್ತೆ ಒಳಗೆ ಹೋಗಿ ಚೊಂಬು ತಂದರು. ಕೊಡಲಿಲ್ಲ.

"ಬೀದೀಲಿ ನಿಂತೋರಿಗೆ ನಾನ್ ನೀರು ಕೊಡಲ್ಲಣ್ಣ. ಒಳಕ್ ಬಂದ್ ಕುಡಿ."

ಅಪ್ಪ ಚಪ್ಪಲಿ ಬಿಚ್ಚಲು ಬಗ್ಗಿದರು, ಉಸಿರು ಸಿಕ್ಕಿಕೊಂಡಿತು. ಅತ್ತೆ ಚೊಂಬನ್ನು ಹೊಸ್ತಿಲ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ತಾವೇ ಪಟ್ಟಿ ಬಿಚ್ಚಿದರು. ಚೊಂಬು ಎತ್ತಿಕೊಂಡು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ನಾನು ಹೋಗಲಿಲ್ಲ. ಇಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗೆ ಚೊಂಬು ನೆಲಕ್ಕಿಟ್ಟ ಸದ್ದಾಯಿತು. ಈಗ ಯಾರೋ ಅಳುತ್ತಿದ್ದಾರೆ. ಅತ್ತೆ ಅಂದುಕೊಂಡೆ. ಅಲ್ಲ, ಅಪ್ಪ.