ಕೆಟಲಿನ ಮೇಲೆ ಚಮಚ

ಲಂಡನ್, ಜನವರಿ ೧೮೬೮

ಥಾರ್ನ್‌ಡೈಕ್ ಅಮ್ಮನವರಿಗೆ, ಮೊನ್ನೆ ಸೋಮವಾರದವರೆಗೆ ನಿಮ್ಮ ಮನೆಗೆಲಸದವಳಾಗಿದ್ದ ಡಾರ್ಕಸ್ ಬರೆಯುವುದು.

ಶನಿವಾರ ನಿಮ್ಮ ದಿವಾನಖಾನೆಯಲ್ಲಿ ಆಡಿದ ನಾಟಕದಲ್ಲಿ ಕೆಲಸದವಳ ಪಾತ್ರಕ್ಕೆಂದು ನಿಮ್ಮ ಮಗಳು ಅಗಸ್ಟಾ ಅಮ್ಮಣ್ಣಿ ನನ್ನ ಏಪ್ರನ್ ತೆಗೆದುಕೊಂಡಿದ್ದರು. ಅದನ್ನು ಕೊಟ್ಟು ಕಳಿಸಿ. ಬೇರೆ ಮನೆಯಲ್ಲಿ ಕೆಲಸ ಕೇಳಲು ಹೋಗುವಾಗ ಅದು ಬೇಕು.

ಏಪ್ರನ್ ಸಾಲದೆಂದು ಅವರು ಅಡುಗೆಮನೆಗೂ ಇಳಿದು ಬಂದು, "ನಿಮ್ಮಂಥೋರು ಹುಡುಗನ್ನ ಹೇಗೆ ಕರೀತೀರೇ? ತೋರ್ಸು, ನಿಜದ ಥರಾನೇ ಇರ್ಬೇಕು" ಅಂದರು. ನನಗೆ ಮಂಕು ಕವಿದಿತ್ತು. ಮೀನು ತರುವ ಏಮಸ್‌ಗೆ ನಾನು ಮಾಡುವ ಸನ್ನೆಯನ್ನೇ ತೋರಿಸಿದೆ: ಕೆಟಲಿನ ಮೇಲೆ ಚಮಚದಿಂದ ಎರಡು ಬಡಿತ. ನಾಟಕದಲ್ಲಿ ಅವರು ಹಾಗೇ ಬಡಿದರು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ನಿಮ್ಮ ಕೈ ಮಾತ್ರ ನಿಂತಿತು. ದಿನಾ ಸಂಜೆ ಕೆಳಗಿನಿಂದ ಕೇಳುತ್ತಿದ್ದ ಸದ್ದು ಏನೆಂದು ನಿಮಗೆ ತಿಳಿಯಿತು.

ಶನಿವಾರ ಚಪ್ಪಾಳೆ ಗಿಟ್ಟಿಸಿದ್ದು ಸೋಮವಾರ ಲಜ್ಜೆಗೇಡಿತನವಾಯಿತು. "ಕೆಲಸದೋರಿಗೆ ಹುಡುಗ್ರು ಗಿಡುಗ್ರು ಇರಕೂಡ್ದು ಅಂತ ಮೊದ್ಲೇ ಹೇಳಿದ್ನಲ್ಲ, ಹೊರಡು" ಅಂದಿರಿ. ಏಮಸ್ ನನ್ನನ್ನು ಮದುವೆಯಾಗುವವನು ಅಂದೆ, ನೀವು ಕೇಳಿಸಿಕೊಳ್ಳಲಿಲ್ಲ. ಅಮ್ಮಣ್ಣಿ ಕಿಟಕಿಯತ್ತ ತಿರುಗಿ ಕುಳಿತಿದ್ದರು.

ನಡತೆಯ ಪತ್ರವಿಲ್ಲದೆ ಯಾರೂ ನನ್ನನ್ನು ಕೆಲಸಕ್ಕೆ ಸೇರಿಸುವುದಿಲ್ಲ. ಅದನ್ನೂ ಬರೆದು ಕಳಿಸಿ. ಏನು ಬರೆಯುವುದೆಂದು ತೋಚದಿದ್ದರೆ ನಾಟಕದ ಕೊನೆಯನ್ನು ನೆನೆಯಿರಿ. ಯಜಮಾನಿ ಕೆಲಸದವಳನ್ನು ತಬ್ಬಿಕೊಂಡು ತಾನೇ ನಿಂತು ಅವಳ ಮದುವೆ ಮಾಡಿಸುತ್ತಾಳೆ. ಪರದೆಯ ಹಗ್ಗ ಹಿಡಿದಿದ್ದವಳು ನಾನು. ಕರವಸ್ತ್ರ ಒದ್ದೆಯಾಗುವಷ್ಟು ನೀವು ಅತ್ತದ್ದನ್ನು ನೋಡಿದೆ.

ಸೋಮವಾರ ನೀವು ಹೇಳಿಕಳಿಸಿದಾಗ ನಾನು ಆ ಕರವಸ್ತ್ರವನ್ನೇ ಒಗೆಯುತ್ತಿದ್ದೆ.

ಇಂತಿ,
ಡಾರ್ಕಸ್ ಹಾಬ್