ಅನ್ನಪೂರ್ಣೆಯ ಮುಖ

ಜೂನ್ 8, 2008. ಭಾನುವಾರ

ನೀರು ಆರೂವರೆಗೇ ನಿಂತುಹೋಯ್ತು. ಎರಡು ಬಕೆಟ್, ಡ್ರಮ್ಮು ಅರ್ಧ. ದೋಸೆ ಹಿಟ್ಟು ಹುಳಿ ಬಂದು ಪಾತ್ರೆಯಿಂದ ಹೊರಗೆ. ಈ ಡೆಲ್ಲಿ ಸೆಖೇಲಿ ಹಿಟ್ಟಿಗೂ ತಾಳ್ಮೆ ಇಲ್ಲ.

ಮೂರನೇ ದೋಸೆ ಹುಯ್ಯುವಾಗ ತನ್ವಿ ಪೇಪರ್ ಹಿಡ್ಕೊಂಡು ಓಡಿ ಬಂದಳು. "ಅಮ್ಮಾ, ಯೋಗೀಶ್ ಅಂಕಲ್! ಫಾರ್ಟಿ ಟೂ ಲ್ಯಾಕ್ಸ್! ಒಂದು ಪೇಂಟಿಂಗ್!"

ಯೋಗೀಶ ಬಂಟನೂರ. ನಾಲ್ಕು ವರ್ಷ ನಮ್ಮನೇಲಿ ಊಟ ಮಾಡಿದೋರು. ಆಗ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಚಪ್ಪಲಿಗೆ ಪಿನ್ ಹಾಕ್ಕೊಂಡು ಓಡಾಡ್ತಿದ್ರು. ಈಗ ಮುಂಬಯಿ ಹರಾಜಲ್ಲಿ ನಲವತ್ತೆರಡು ಲಕ್ಷವಂತೆ.

ಮೂರೂ ಜನ ಒಟ್ಟಿಗೆ ಅಡುಗೆಮನೆ ಗೋಡೆ ನೋಡಿದ್ವಿ. ದೇವರ ಗೂಡಿನ ಪಕ್ಕ. ಸೀಮೆಎಣ್ಣೆ ಸ್ಟೌ ಮುಂದೆ ಕೂತ ಹೆಂಗಸು, ನೀಲಿ ಸೀರೆ. 1980ರಲ್ಲಿ ಬರೋಡಾಗೆ ಹೊರಟಾಗ ಯೋಗೀಶರು ಕೊಟ್ಟು ಹೋದ ಚಿತ್ರ.

"ಮಾರಿಬಿಡೋಣ" ಅಂದ್ರು ನಮ್ಮನೆಯವರು. ಒಂದೇ ಮಾತು. ಹಳೇ ಟೇಬಲ್ ಫ್ಯಾನ್ ಮಾರೋಕೆ ಆರು ತಿಂಗಳು ಯೋಚಿಸಿದ ಮನುಷ್ಯ ಇವರು!

ಅಕ್ಟೋಬರಿಗೆ ಇವರು ರಿಟೈರ್ ಆಗ್ತಾರೆ. ಕಿದ್ವಾಯಿ ನಗರದ ಈ ಕ್ವಾರ್ಟರ್ಸ್ ಬಿಡಬೇಕು. ದ್ವಾರಕಾದಲ್ಲಿ ಮೂರು ರೂಮಿನ ಫ್ಲ್ಯಾಟ್ ಅಂತ ಕನಸು. ಸರಿ, ನ್ಯಾಯವೇ. ಆದರೆ ನನ್ನ ಕೈ ಹಿಟ್ಟಲ್ಲೇ ನಿಂತುಹೋಯ್ತು. ದೋಸೆ ಕರ್ರಗಾಯ್ತು.

ಜೂನ್ 9. ಹನ್ನೊಂದು ಗಂಟೆ

ಇಬ್ಬರೂ ಆಫೀಸಿಗೆ. ಬರೆದುಬಿಡ್ತೀನಿ. ಈ ಡೈರಿ ಯಾರೂ ಓದಲ್ಲ. ತನ್ವಿಗೆ ಕನ್ನಡ ಅಕ್ಷರ ಬರಲ್ಲ, ಅವರಿಗೆ ನನ್ನ ಅಕ್ಷರ ಬರಲ್ಲ.

ಆ ಚಿತ್ರದ ಮುಖ ಯೋಗೀಶರು ಬರೆದದ್ದಲ್ಲ. ನಾನು ಬರೆದದ್ದು.

ಎಲ್ಲಾ ನಮ್ಮತ್ತೆ ಸೀತಮ್ಮನವರ ಭಕ್ತಿಯಿಂದ ಆದದ್ದು. ಒಲೆ ಮುಂದೆ ಕೂತವಳು ಅನ್ನಪೂರ್ಣೆ ಅಲ್ಲದೆ ಇನ್ಯಾರು ಅಂತ ದೇವರ ಪಕ್ಕ ಹಾಕ್ಸಿದ್ರು. ಗಾಜಿಲ್ಲ ಗೀಜಿಲ್ಲ, ಬರೀ ರಟ್ಟು. ಪ್ರತಿ ಶುಕ್ರವಾರ ಹಣೆಗೆ ಅರಿಶಿನ ಕುಂಕುಮ, ಎಣ್ಣೆ ಕೈಯಲ್ಲೇ. ಏಳು ವರ್ಷ! ಮುಖ ಅನ್ನೋದು ಕೆಂಪು ಮಸಿ ಮುದ್ದೆ ಆಗಿತ್ತು. 1987ರ ನವರಾತ್ರಿಗೆ ಮುಂಚೆ ಅತ್ತೆ ಮಲೈ ಮಂದಿರಕ್ಕೆ ಹೋಗಿದ್ದಾಗ ನಾನು ಮಹಾ ಬುದ್ಧಿವಂತೆ, ಸೋಪಿನ ಪುಡಿ ಹಾಕಿ ಒದ್ದೆ ಬಟ್ಟೇಲಿ ಒರೆಸಿದೆ. ಕುಂಕುಮದ ಜೊತೆ ಕಣ್ಣು, ಮೂಗು, ಬಾಯಿ ಎಲ್ಲ ಬಟ್ಟೆಗೆ ಬಂತು. ಪೋಸ್ಟರ್ ಕಲರ್ ನೀರಿಗೆ ಕರಗುತ್ತೆ ಅಂತ ಗೊತ್ತಿರಬೇಕಿತ್ತು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಎರಡೂ ಪಾಸಾದೋಳು ನಾನು.

ಅತ್ತೆ ಬಂದರೆ ಅನ್ನಪೂರ್ಣೆಗೆ ಮುಖವೇ ಇಲ್ಲ! ಓಡಿಹೋಗಿ ಸ್ಟೇಷನರಿ ಅಂಗಡಿಯಿಂದ ಮಕ್ಕಳ ಬಣ್ಣದ ಡಬ್ಬಿ ತಂದೆ. ಮೇಷ್ಟ್ರೂ ಸ್ಕೂಲಿನ ಅದೇ ಬಣ್ಣದಲ್ಲೇ ಬರೆದಿದ್ದು. ಮಾದರಿಗೆ ಯಾರಿದ್ದಾರೆ? ಬೀರುವಿನ ಕನ್ನಡಿ ನೋಡ್ಕೊಂಡು ನನ್ನ ಮುಖವನ್ನೇ ಬರೆದೆ. ಎರಡು ಗಂಟೆ. ಆ ಎರಡು ಗಂಟೇಲಿ ಎಷ್ಟು ಸುಖವಾಗಿದ್ದೆ ಅಂದ್ರೆ... ಇರಲಿ.

"ಒರೆಸಿ ಗಾಜು ಹಾಕ್ಸಿದೆ" ಅಂತ ಎಲ್ಲರಿಗೂ ಹೇಳಿದೆ. ಅತ್ತೆ ಆಮೇಲೆ ಕುಂಕುಮ ಗಾಜಿಗೆ ಹಚ್ಚಿದರು, ಸಾಯೋವರೆಗೂ. ಅವರಿಗೂ ಗೊತ್ತಾಗಲಿಲ್ಲ.

ಇಪ್ಪತ್ತೊಂದು ವರ್ಷ. ಈಗ ಇದನ್ನ ಯೋಗೀಶ ಬಂಟನೂರ ಅಂತ ಮಾರೋದಾ? ಹೇಳಿದರೆ ದ್ವಾರಕಾ ಹೋಯ್ತು. ಹೇಳದಿದ್ದರೆ ನಾನು ಕಳ್ಳಿ.

ಜೂನ್ 21. ಶನಿವಾರ

ಹರಾಜು ಕಂಪನಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಪ್ರೇರಣಾ ಅಂತ. ಬಿಳೀ ಗ್ಲೌಸು, ಸಣ್ಣ ಟಾರ್ಚು, ಭೂತಗನ್ನಡಿ. ಕಳ್ಳತನ ಆದ ಮನೆಗೆ ಪೊಲೀಸ್ ಬಂದ ಹಾಗೆ ಇತ್ತು ನನಗೆ.

ಗಾಜು ತೆಗೆದು ಕೈ ನೋಡಿದಳು, ಸೀರೆ ನೋಡಿದಳು. ಸ್ಟೌ ನೋಡಿ "ಗುಡ್, ಗುಡ್" ಅಂದಳು. ಮುಖಕ್ಕೆ ಟಾರ್ಚ್ ಬಿಟ್ಟಳು. ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಿದಳು.

ಆಮೇಲೆ "ಆಂಟೀಜಿ, ಯೇ ಚೆಹ್ರಾ!" ಅಂದಳು. ಆ ಕಾಲದ ಯೋಗೀಶರ ಚಿತ್ರಗಳಲ್ಲಿ ಮುಖ ಅಂದ್ರೆ ಬರೀ ಒಂದು ಆಕಾರ, ಇದರಲ್ಲಿ ಮಾತ್ರ ಏನೋ ಹೊಸದು ಹುಡುಕ್ತಿದ್ದಾರಂತೆ. ಅವರ ಮುಂದಿನ ಕೆಲಸಕ್ಕೆಲ್ಲ ಇದೇ ಬೀಜವಂತೆ. ಈ ಮುಖವೇ ಇಡೀ ಚಿತ್ರವಂತೆ.

ಅಯ್ಯೋ ಪುಣ್ಯಾತ್ಗಿತ್ತಿ.

ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಐವತ್ತಮೂರು ವರ್ಷಕ್ಕೆ ಮೊದಲನೇ ಸಲ ಯಾರೋ ನನ್ನ ಚಿತ್ರ ಹೊಗಳಿದ್ದು. ಅದೂ ಬೇರೆಯವರ ಹೆಸರಲ್ಲಿ.

ಹದಿನಾಲ್ಕರಿಂದ ಹದಿನೆಂಟು ಲಕ್ಷ ಅಂದಾಜಂತೆ. ಯಾರು ತಗೋತಾರಮ್ಮ ಅಂದೆ. ಈಗೆಲ್ಲ ಜನರ ದುಡ್ಡು ಕೂಡಿಸಿ ಚಿತ್ರ ಕೊಳ್ಳೋ ಫಂಡ್‌ನೋರು ಆಂಟಿ, ಇ-ಮೇಲಲ್ಲಿ ಫೋಟೋ ನೋಡಿ ಬಿಡ್ ಮಾಡ್ತಾರೆ, ಆರು ತಿಂಗಳು ಇಟ್ಟು ಮಾರ್ತಾರೆ, ಎರಡು ವರ್ಷದಲ್ಲಿ ಮೂರು ಪಟ್ಟು ಆಗಿದೆ ಅಂದಳು. ಗೋಡೆಗೆ ಹಾಕಲ್ವಾ? ಇಲ್ಲವಂತೆ. ಗೋದಾಮು. "ಎ.ಸಿ. ಇರುತ್ತೆ ಆಂಟಿ" ಅಂತ ಸಮಾಧಾನ ಬೇರೆ.

ಜುಲೈ 5

ನಮ್ಮನೆಯವರು ಕಂಪನಿಯ ಕರಾರಿಗೆ ಸಹಿ ಹಾಕಿದ್ರು. ಚಿತ್ರ ಹೋಯ್ತು. ಗೋಡೆ ಮೇಲೆ ಬೆಳ್ಳಗೆ ಒಂದು ಚೌಕ.

ದ್ವಾರಕಾ ಫ್ಲ್ಯಾಟ್ ನೋಡಿ ಬಂದ್ವಿ. ಮಾರೋರು ಜಗನ್ನಾಥ ರಾವ್ ಅಂತ, ನಮ್ಮ ಕಡೆಯೋರೇ. ಸೆಪ್ಟೆಂಬರ್ ಹತ್ತಕ್ಕೆ ಅಡ್ವಾನ್ಸ್ ಬೇಕಂತೆ. ಇವರು ಪಿ.ಎಫ್. ಪೂರ್ತಿ ಸುರಿಯೋಕೆ ತಯಾರು, ಉಳಿದದ್ದು ಚಿತ್ರದ ದುಡ್ಡು.

"ಚಿತ್ರ ಇಟ್ಕೊಳ್ಳೋಣ, ಎರಡು ರೂಮಿನ ಮನೆ ಸಾಕು" ಅಂದು ನೋಡಿದೆ.

"ನಿನಗ್ಯಾಕೆ ಅದರ ಮೇಲೆ ಅಷ್ಟು ಮೋಹ?" ಅಂದ್ರು. ದನಿ ಬೇರೆ ಥರ ಇತ್ತು. ಬಸ್ಸಲ್ಲಿ ಮನೇವರೆಗೂ ಕಿಟಕಿ ಹೊರಗೇ ನೋಡ್ತಿದ್ರು.

ಆಗಸ್ಟ್ 2

ಪ್ರೇರಣಾ ಫೋನ್. ಕ್ಯಾಟಲಾಗ್ ಮುಖಪುಟಕ್ಕೆ ನಮ್ಮ ಚಿತ್ರವಂತೆ. ಇಡೀ ಚಿತ್ರ ಅಲ್ಲ. ಮುಖ ಮಾತ್ರ, ದೊಡ್ಡದು ಮಾಡಿ.

ಯೋಗೀಶರ ಸರ್ಟಿಫಿಕೇಟೂ ಬಂತಂತೆ. ಅಸಲಿ, ನನ್ನದೇ, ಅಂತ ಸಹಿ ಹಾಕಿದ್ದಾರಂತೆ.

ತನ್ನದಲ್ಲದ ಮುಖಕ್ಕೆ ಮನುಷ್ಯ ಸಹಿ ಹೇಗೆ ಹಾಕಿದ?

ಆಗಸ್ಟ್ 23. ಶನಿವಾರ, ಸಂಜೆ

ಇಪ್ಪತ್ತು ದಿನ ಬರೆಯೋಕೆ ಧೈರ್ಯ ಇರಲಿಲ್ಲ. ಇವತ್ತು ಹೋಗಿ ಬಂದೆ.

ಐಎನ್‌ಎ ಮಾರ್ಕೆಟ್ಟಿಗೆ ತೆಂಗಿನಕಾಯಿಗೆ ಅಂತ ಹೇಳಿ ಎರಡು ಬಸ್ ಬದಲಿಸಿ ನೋಯ್ಡಾ. ಯೋಗೀಶರ ಸ್ಟುಡಿಯೋ. ತಲೆ ಪೂರ್ತಿ ಬೆಳ್ಳಗಾಗಿದೆ. ಮಾತು ಮಾತ್ರ ಅದೇ ಬಿಜಾಪುರದ್ದು, ಅತ್ತಿಗೆ ಅನ್ನೋಕೆ ವೈನಿ. "ಬರ್ರಿ ವೈನಿ, ಬರ್ರಿ!" ಅಂತ ಕುರ್ಚಿ ಮೇಲಿನ ಬಣ್ಣದ ಬಟ್ಟೆ ಎತ್ತಿ ಹಾಕಿದ್ರು.

ನಿಂತುಕೊಂಡೇ ಹೇಳಿಬಿಟ್ಟೆ. ಕುಂಕುಮ, ಸೋಪಿನ ಪುಡಿ, ಬೀರುವಿನ ಕನ್ನಡಿ, ಎಲ್ಲ. ಮನುಷ್ಯ ನಕ್ಕರು.

"ಫೋಟೋ ನೋಡಿದ ಕೂಡ್ಲೇ ಗೊತ್ತಾತ್ರಿ. ಆ ಮಾರಿ ನಾ ಬರದದ್ದಲ್ಲ, ನಿಮ್ಮದೇ ಅದ ಅಂತ."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ನಾಕು ವರ್ಷ ನಿಮ್ಮ ಮನ್ಯಾಗ ಉಂಡೀನಿ ವೈನಿ. ಒಂದು ಸಹಿ ಹಾಕಿದ್ರ ನನ್ನ ಗಂಟೇನ್ ಹೋಗ್ತದ?" ಆಮೇಲೆ, "ಈ ವರ್ಷ ಹದಿನೇಳು ಹಳೇ ಚಿತ್ರಕ್ಕ ಸಹಿ ಹಾಕೀನಿ. ಅದರಾಗ ಐದಾರು ನನ್ನವೇ ಅಲ್ಲ ಅಂತ ಸಂಶಯ. ಯಾರಿಗೂ ಕೇಳೋ ಪುರಸೊತ್ತಿಲ್ಲ. ಎಲ್ಲಾರಿಗೂ ಅವಸರ" ಅಂದ್ರು.

ಭಯ ಆಯ್ತು. ಇಷ್ಟು ದಿನ ನಾನೊಬ್ಬಳೇ ಕಳ್ಳಿ ಅಂದ್ಕೊಂಡಿದ್ದೆ. ನನ್ನ ದೆಸೆಯಿಂದ ಇವರೂ ಸುಳ್ಳು ಸಾಕ್ಷಿ.

"ಸಹಿ ವಾಪಸ್ ತಗೊಳ್ಳಿ. ಕೈ ಮುಗೀತೀನಿ" ಅಂದೆ.

"ನಿಮ್ಮ ಮನಿಯವರು ಚಂದ್ರಮೋಹನರು ನನ್ನ ಮ್ಯಾಲೆ ಉರದು ಬೀಳ್ತಾರ. ಮೊದ್ಲೇ ಅವರಿಗೆ ನನ್ನ ಮ್ಯಾಲೆ ಏನೋ ಸಿಟ್ಟೈತಿ. ಎಷ್ಟು ಸಲ ಪ್ರದರ್ಶನಕ್ಕ ಕರದೆ, ಒಮ್ಮೆನೂ ಬರಲಿಲ್ಲ."

ಆದರೂ ಒಪ್ಪಿದರು. ಬಾಗಿಲ ತನಕ ಬಂದು, "ಖರೇ ಹೇಳ್ಲಿ ವೈನಿ? ನಾ ಬರದದ್ದಕ್ಕಿಂತ ನಿಮ್ಮ ಮಾರಿ ಛಲೋ ಬಂದೈತಿ" ಅಂದ್ರು.

ಬಸ್ಸಲ್ಲಿ ಎಷ್ಟೋ ವರ್ಷದ ಮೇಲೆ ಹಗುರಾಗಿ ಕೂತಿದ್ದೆ. ತೆಂಗಿನಕಾಯಿ ತರೋದು ಮರೆತೆ. ರೇಟು ಜಾಸ್ತಿ ಅಂತ ಸುಳ್ಳು ಹೇಳಿದೆ.

ಸೆಪ್ಟೆಂಬರ್ 3

ಕಂಪನಿಯ ಕಾಗದ ಬಂತು. ಕಲಾವಿದರು ಖಾತರಿ ಹಿಂದೆ ತಗೊಂಡಿದ್ದರಿಂದ ಚಿತ್ರ ಹರಾಜಿಗಿಲ್ಲ.

ನಮ್ಮನೆಯವರು ಕಾಗದ ಮುದ್ದೆ ಮಾಡಿ ಎಸೆದ್ರು. "ಉಂಡ ಮನೆಗೆ ಎರಡು ಬಗೆಯೋ ಜಾತಿ! ನಾಲ್ಕು ವರ್ಷ ಅನ್ನ ಹಾಕಿದ್ದಕ್ಕೆ ಇದಾ?" ಜಗನ್ನಾಥ ರಾವ್‌ಗೆ ಫೋನ್ ಮಾಡಿ ಆಗಲ್ಲ ಅಂದ್ರು. ಫೋನಿಟ್ಟ ಮೇಲೆ ಮುಖ ನೋಡೋಕಾಗಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಬೈಗುಳ ಎಲ್ಲ ಆ ಮನುಷ್ಯನಿಗೆ, ತಪ್ಪೆಲ್ಲ ನನ್ನದು. ಹಗುರಾದ ಎದೆ ಹತ್ತೇ ದಿನಕ್ಕೆ ಮತ್ತೆ ಭಾರ. ಹೇಳಬೇಕು... ನಾಳೆ.

ಸೆಪ್ಟೆಂಬರ್ 17

ಹೇಳಲಿಲ್ಲ.

ಅಮೆರಿಕದಲ್ಲಿ ದೊಡ್ಡ ಬ್ಯಾಂಕೊಂದು ಮುಳುಗಿತಂತೆ. ತನ್ವಿಯ ಗುಡಗಾಂವ್ ಆಫೀಸಲ್ಲಿ ಎಲ್ಲರೂ ಟಿ.ವಿ. ಮುಂದೇನೇ. ಅಲ್ಲಿ ಮುಳುಗಿದರೆ ನಮಗೇನೇ ಅಂದೆ. "ವೇಟ್ ಕರೋ ಅಮ್ಮಾ" ಅಂದಳು.

ಅಕ್ಟೋಬರ್ 18. ಶನಿವಾರ

ಚಿತ್ರ ವಾಪಸ್ ಬಂತು. ಪ್ರೇರಣಾನೇ ವ್ಯಾನಲ್ಲಿ ತಂದಳು. ಗ್ಲೌಸ್ ಇಲ್ಲ, ಕಣ್ಣ ಕೆಳಗೆ ಕಪ್ಪು. ಚಹಾ ಕೊಟ್ಟೆ, ಎರಡು ಕೋಡುಬಳೆ ಗಬಗಬ ತಿಂದಳು ಪಾಪ.

ಗುರುವಾರ ಹರಾಜು ನಡೀತಂತೆ. ಎಂಬತ್ತು ಚಿತ್ರದಲ್ಲಿ ಹೋದದ್ದು ಮೂವತ್ತು. ಆ ಮೂವತ್ತನ್ನ ಕೊಂಡೋರಲ್ಲೂ ಅರ್ಧ ಜನ ಈಗ ಫೋನ್ ಎತ್ತುತ್ತಿಲ್ಲ. ಫಂಡ್‌ನೋರು ಕೊಳ್ಳೋದು ಹಾಗಿರಲಿ, ಇರೋದನ್ನೇ ಮಾರೋಕೆ ಬರ್ತಿದ್ದಾರಂತೆ. ಯೋಗೀಶರ ಎರಡು ಇದ್ದುವು, ಒಂದು ಕೈಯೂ ಮೇಲೇಳಲಿಲ್ಲ.

"ನಿಮ್ಮದು ಮೊದಲೇ ಹೊರಗೆ ಬಂದದ್ದು ಒಳ್ಳೇದಾಯ್ತು ಆಂಟೀಜಿ. ಹರಾಜಲ್ಲಿ ಬಿದ್ದ ಚಿತ್ರಾನ ಐದಾರು ವರ್ಷ ಯಾರೂ ಮುಟ್ಟಲ್ಲ. ನಮ್ಮಲ್ಲಿ ಅದಕ್ಕೆ ಸುಟ್ಟ ಚಿತ್ರ ಅಂತಾರೆ."

ಅವಳು ಹೋದ ಮೇಲೆ ಇವರು ಪಿ.ಎಫ್. ಲೆಕ್ಕದ ಚೀಟಿ ತೆಗೆದು ಕೂತ್ರು. ಅಡ್ವಾನ್ಸ್ ಕೊಟ್ಟಿದ್ದಿದ್ರೆ? ಪಿ.ಎಫ್. ಪೂರ್ತಿ ಹೋಗಿ, ಉಳಿದದ್ದು ತುಂಬೋಕಾಗದೆ, ಮನೇನೂ ಇಲ್ಲ ಮಠಾನೂ ಇಲ್ಲ. "ದೇವರು ದೊಡ್ಡೋನು ಕಣೇ ವೈಜಯಂತಿ" ಅಂದ್ರು. ಅಷ್ಟು ಸಮಾಧಾನದ ಮುಖ ಎಷ್ಟು ತಿಂಗಳ ಮೇಲೆ ನೋಡಿದೆನೋ. ಎರಡು ರೂಮಿನ ಫ್ಲ್ಯಾಟ್ ಸಾಕಂತೆ. ಪಿ.ಎಫ್.ನಲ್ಲೇ ಬರುತ್ತಂತೆ. ಸಾಲ ಸೋಲ ಏನೂ ಬೇಡ.

ಚಿತ್ರ ಮಾತ್ರ ಅಟ್ಟಕ್ಕೆ ಹಾಕು ಅಂದ್ರು. ಬಿಚ್ಚೋದೇ ಬೇಡವಂತೆ.

ಅಕ್ಟೋಬರ್ 19. ಭಾನುವಾರ, ಹನ್ನೆರಡೂವರೆ

ಹೇಳಿಬಿಟ್ಟೆ.

ಬೆಳಿಗ್ಗೆ ತಿಂಡಿ ಹೊತ್ತಲ್ಲಿ "ಆ ಯೋಗೀಶ ಕೆಟ್ಟದ್ದು ಮಾಡೋಕೆ ಹೋಗಿ ಒಳ್ಳೇದು ಮಾಡಿದ" ಅಂದ್ರು. ತಡೆಯೋಕಾಗಲಿಲ್ಲ. ಅವರದ್ದೇನೂ ತಪ್ಪಿಲ್ಲ, ಸಹಿ ವಾಪಸ್ ತಗೊಳ್ಳಿ ಅಂತ ನಾನೇ ಹೋಗಿ ಕೈ ಮುಗಿದು ಕೇಳ್ಕೊಂಡೆ, ಆ ಮುಖ ಅವರು ಬರೆದದ್ದಲ್ಲ, ನಾನು ಬರೆದದ್ದು ಅಂದೆ. ಉಪ್ಪಿಟ್ಟು ಆರುತ್ತಿತ್ತು. ಬೈಯಲಿ, ಹೊಡೆಯಲಿ ಅಂತ ಕಣ್ಣು ಮುಚ್ಕೊಂಡು ನಿಂತೆ.

ಏನೂ ಇಲ್ಲ. ಕಣ್ಣು ಬಿಟ್ಟೆ.

"ನೀನು ಬರೆದದ್ದಾ?"

"ಹೂಂ."

"ಅವನಲ್ಲ?"

"ಅವರು ಬರೆದದ್ದು ಯಾರೋ ಕೆಲಸದವಳ ಮುಖ. ಅದು ಕುಂಕುಮದ ಜೊತೆ ಬಟ್ಟೆಗೆ ಬಂತು. ಇದು ನನ್ನ ಮುಖ, ಕನ್ನಡಿ ನೋಡ್ಕೊಂಡು ನಾನೇ ಬರ್ಕೊಂಡಿದ್ದು."

"ಅವನು ನಿನ್ನ ಮುಖ ಬರೀಲೇ ಇಲ್ಲ?"

"ಇಲ್ಲ ಅಂದೆನಲ್ಲ!"

ತಟ್ಟೆ ಕೆಳಗಿಟ್ಟು ಎದ್ದರು. ಬಬಲ್ ಪ್ಯಾಕಿಂಗ್ ಹರಿದು ಚಿತ್ರ ತೆಗೆದು ಕಿಟಕಿ ಹತ್ತಿರ ಹಿಡಿದ್ರು. ನೋಡಿದ್ರು, ನೋಡಿದ್ರು... ಭುಜ ಅಲುಗ್ತಿತ್ತು. ನಗ್ತಿದ್ದಾರೆ ಅಂದ್ಕೊಂಡೆ. ಹೌದು, ನಗು. ಕಣ್ಣಲ್ಲಿ ನೀರೂ ಇತ್ತು.

"ಅಮ್ಮ ಕುಂಕುಮ ಹಚ್ಚಿ ಹಚ್ಚಿ ಆ ಮುಖ ನಾನು ಸರಿಯಾಗಿ ನೋಡಿರಲೇ ಇಲ್ಲ ಕಣೇ. ನೀನು ಗಾಜು ಹಾಕ್ಸಿದ ದಿನ ನೋಡಿದೆ. ನೀನು! ಒಂದು ಹೆಂಗಸಿನ ಮುಖ ಇಷ್ಟು ಚೆನ್ನಾಗಿ ಬರೀಬೇಕಾದ್ರೆ ಅವನು ಎಷ್ಟು ಹೊತ್ತು ನೋಡಿರಬೇಕು... ನಾನು ಟೂರಲ್ಲಿದ್ದಾಗ... ಅಂತ..."

ಮೈಯೆಲ್ಲ ಉರೀತು. "ಥೂ ನಿಮ್ಮ! ಇಪ್ಪತ್ತೊಂದು ವರ್ಷ ಮನಸ್ಸಲ್ಲಿ ಇಟ್ಕೊಂಡ್ರಾ? ಕೇಳೋಕೆ ಬಾಯಿರಲಿಲ್ವಾ?"

"ಕೇಳಿ, ನೀನು ಹೌದು ಅಂದುಬಿಟ್ಟಿದ್ರೆ?"

ಅತ್ತುಬಿಟ್ಟೆ. ಅವರೂ ಪಕ್ಕದಲ್ಲಿ ಕೂತು ಅತ್ತರು. ಆಮೇಲೆ ಆರಿದ ಉಪ್ಪಿಟ್ಟನ್ನೇ ಇಬ್ಬರೂ ಒಂದೇ ತಟ್ಟೇಲಿ ತಿಂದ್ವಿ. ತನ್ವಿ ಎದ್ದು ಬಂದು "ಕ್ಯಾ ಹುವಾ?" ಅಂದಳು. ಏನಿಲ್ಲ, ಹಲ್ಲುಜ್ಜು ಅಂದೆ.

ಅದೇ ದಿನ, ನಾಲ್ಕು ಗಂಟೆ

ಮೊಳೆ ಅವರೇ ಹೊಡೆದ್ರು. ಅಡುಗೆಮನೇಲಲ್ಲ, ಹಾಲ್‌ನಲ್ಲಿ, ಸೋಫಾ ಎದುರಿಗೆ. ಇನ್ನೆಷ್ಟು ದಿನ ಈ ಮನೇಲಿರ್ತೀವಿ ಅಂದರೂ ಕೇಳಲಿಲ್ಲ. ಯೋಗೀಶರಿಗೆ ಫೋನ್ ಮಾಡಿ ದೀಪಾವಳಿ ಊಟಕ್ಕೆ ಕರೆದ್ರು. "ಬರಲೇಬೇಕು ಕಣಯ್ಯಾ, ಹೋಳಿಗೆ ಮಾಡ್ತಾಳೆ" ಅಂತ, ನನ್ನ ಒಂದು ಮಾತು ಕೇಳದೆ! ಆಮೇಲೆ ಸೈಕಲ್ ಹತ್ತಿ ಎಲ್ಲಿಗೋ ಹೋದ್ರು. ಬಂದಾಗ ಕೈಯಲ್ಲಿ ಬಣ್ಣದ ಡಬ್ಬಿ, ಬ್ರಶ್ಶು, ಎರಡು ರಟ್ಟು.

ಈಗ ಷರ್ಟು ಬದಲಾಯಿಸಿ, ತಲೆ ಬಾಚಿ, ಎದುರಿಗೆ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. "ನಂದೂ ಒಂದು ಬರಿ. ಅವಸರ ಇಲ್ಲ, ಎಷ್ಟು ಹೊತ್ತು ಬೇಕಾದರೂ ನೋಡು" ಅಂತ.

ಮೂಗು ಇದ್ದ ಹಾಗೇ ಬರೀಲಾ, ಸ್ವಲ್ಪ ಸಣ್ಣ ಮಾಡ್ಲಾ ಅಂದೆ. ಅದಕ್ಕೆ ಅವರು "ಇದ್ದ ಹಾಗೇ ಬರಿ" ಅಂದ್ರು. ಡೈರಿ ಮುಚ್ತೀನಿ, ಕಾಯ್ತಿದ್ದಾರೆ.